ಚಿಲ್ ಅಂತೆ, ಚಿಲ್!

ಇವತ್ತು ಬೆಳಗ್ಗೆ ಜಯನಗರದಲ್ಲಿ ಒಂದು ಕೆಫೆಗೆ ಹೋಗಿದ್ದೆ. ನಾನಾಗಿ ಹೋಗಿದ್ದಲ್ಲ. ಮಗನ ಟೆಸ್ಟ್ ಮುಗಿದಿತ್ತು. 'ದೋಸೆ ಬೇಡಮ್ಮ, ದಿನಾ ಅದೇ' ಅಂದ. ಜೊತೆಗೆ ಅವನ ಫ್ರೆಂಡ್ ಒಬ್ಬ. ಸರಿ, ಮೂವರೂ ಹೋದೆವು. ಒಂದು ಲೋಟ ಕಾಫಿಗೆ ಎಷ್ಟು ತಗೊಂಡರು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ಇನ್ನೊಂದು ಪೋಸ್ಟೇ ಬೇಕು.

ಕೂತು ಎರಡು ನಿಮಿಷ ಆಗಿರಲಿಲ್ಲ. ಮೇಲಿನ ಸ್ಪೀಕರಿನಿಂದ ಗಿಟಾರ್ ಬಂತು. ಬೆರಳಲ್ಲಿ ಮೀಟುತ್ತಾ ಮೆಲ್ಲಗೆ ಓಡುವ ಗಿಟಾರ್. ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಸುಫ್ಯಾನ್ ಸ್ಟೀವನ್ಸ್! 'ಕ್ಯಾರಿ ಅಂಡ್ ಲೋವೆಲ್' ಆಲ್ಬಂನ ಮೊದಲ ಹಾಡು. ಜಯನಗರದಲ್ಲಿ! ಒಂದು ಕ್ಷಣ ಆ ಕೆಫೆಯ ಬಿಲ್ಲನ್ನೂ ಕ್ಷಮಿಸಿಬಿಟ್ಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸುಫ್ಯಾನ್ ಅಮೆರಿಕದ ಹಾಡುಗಾರ, ಕ್ಯಾರಿ ಅಂದರೆ ಅವನ ತಾಯಿ. ಅವನಿಗೆ ಒಂದು ವರ್ಷ ಇದ್ದಾಗಲೇ ಬಿಟ್ಟು ಹೋದವಳು. ಆಮೇಲೆ ಲೋವೆಲ್ ಅನ್ನುವವನನ್ನು ಮದುವೆಯಾದಳು. ಆ ದಿನಗಳಲ್ಲಿ ಕೆಲವು ಬೇಸಿಗೆ ರಜೆಗಳಲ್ಲಿ ಮಕ್ಕಳು ಆರೆಗಾನ್‌ಗೆ ಹೋಗಿ ಅವಳ ಜೊತೆ ಇದ್ದು ಬಂದರು. ಅಷ್ಟೇ ಅವನಿಗೆ ಸಿಕ್ಕ ತಾಯಿ. 2012ರಲ್ಲಿ ಅವಳು ಕ್ಯಾನ್ಸರ್‌ನಿಂದ ತೀರಿಕೊಂಡಳು. 2015ರಲ್ಲಿ ಈ ಆಲ್ಬಂ ಬಂತು. ಹನ್ನೊಂದು ಹಾಡು, ಮುಕ್ಕಾಲು ಗಂಟೆಗೂ ಸ್ವಲ್ಪ ಕಡಿಮೆ. ಕೂಗಿಲ್ಲ, ಅಬ್ಬರ ಇಲ್ಲ. ಸೂತಕದ ಮನೆಯಲ್ಲಿ ಜನ ಮಾತಾಡುವ ಹಾಗೆ ಹಾಡುತ್ತಾನೆ. ನನ್ನ ಅಮ್ಮ ಹೋದ ವರ್ಷ ನಾನು ಇದನ್ನು ಎಷ್ಟು ಸಲ ಕೇಳಿದ್ದೇನೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಆ ವಿಷಯ ಅಲ್ಲಿಗೇ ಬಿಡೋಣ.

ಹಾಡು ಅರ್ಧಕ್ಕೆ ಬಂದಿತ್ತು. ಟಪ್ ಅಂತ ನಿಂತಿತು. ಬೇರೆ ಏನೋ ಶುರುವಾಯಿತು. ಟಿಕ್ ಟಿಕ್ ಟಿಕ್, ನಲ್ಲಿ ಸರಿಯಾಗಿ ಮುಚ್ಚದಿದ್ದರೆ ಬರುತ್ತಲ್ಲ, ಆ ಥರ. ಎದ್ದು ಕೌಂಟರಿಗೆ ಹೋದೆ. ಮಗ 'ಅಮ್ಮಾ, ಪ್ಲೀಸ್' ಅಂತ ಹಲ್ಲು ಕಚ್ಚಿದ್ದು ಹಿಂದಿನಿಂದ ಕೇಳಿಸಿತು.

'ಯಾಕಪ್ಪಾ ತೆಗೆದೆ ಆ ಹಾಡನ್ನ?'

'ಸ್ವಲ್ಪ ಸ್ಲೋ ಇತ್ತು ಮೇಡಂ. ಈ ಲಿಸ್ಟ್ ನಮ್ಮದಲ್ಲ, ಆ್ಯಪ್‌ದೇ. ಸಂಡೇ ಚಿಲ್ ಅಂತ.'

ಸಂಡೇ ಚಿಲ್. ತಾಯಿ ಸತ್ತ ಹಾಡು, ಸಂಡೇ ಚಿಲ್. ನಾಳೆ ಗರುಡ ಪುರಾಣ ಹಾಕಿ, ಈವ್ನಿಂಗ್ ಚಿಲ್ ಅನ್ನಿ. ಯಾರು ಕೇಳುತ್ತಾರೆ?

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಪಾಪ, ಬೆಳಗ್ಗೆ ಏಳರಿಂದ ನಿಂತಿರುತ್ತಾನೆ. ಕೋಪ ಇರುವುದು ಆ 'ಚಿಲ್' ಅನ್ನುವ ಪದದ ಮೇಲೆ. ಅದನ್ನು ಒಂದು ದೊಡ್ಡ ಪಾತ್ರೆ ಅಂದುಕೊಳ್ಳಿ. ಯಾರದೋ ಅಳು, ಯಾರದೋ ಮೊದಲ ಪ್ರೀತಿ, ಯಾರದೋ ಹುಚ್ಚು, ಎಲ್ಲ ಅದರೊಳಗೆ. ಕೊನೆಗೆ ಬರುವುದು ಒಂದೇ ಬಣ್ಣದ ಗಂಜಿ. ಅದನ್ನು ನಾವು ಕ್ರೋಸಾನ್ ಜೊತೆ ನೆಂಚಿಕೊಂಡು ತಿನ್ನಬೇಕು.

ವಾಪಸ್ ಬಂದು ಕೂತೆ. ಆಗ ಮಗನ ಫ್ರೆಂಡ್‌ನ ಟೀ ಶರ್ಟ್ ಕಣ್ಣಿಗೆ ಬಿತ್ತು. ಕಪ್ಪು ಬಟ್ಟೆ, ಮೇಲೆ ಬಿಳಿ ಗೆರೆಗಳ ಅಲೆ ಅಲೆ. ನಿಮಗೆಲ್ಲ ಗೊತ್ತಿರುವ ಟೀ ಶರ್ಟೇ. ಬೆಂಗಳೂರಿನ ಪ್ರತಿ ಮೂರನೇ ಹುಡುಗನ ಹತ್ತಿರ ಇದೆ.

'ಇದು ಏನು ಗೊತ್ತೇನಪ್ಪಾ?' ಅಂದೆ.

'ಬೆಟ್ಟ ಆಂಟಿ. ಮೌಂಟೇನ್ಸ್.'

'ಬೆಟ್ಟ ಅಲ್ಲ ಕಣೋ, ಪಲ್ಸರ್.'

'ಬೈಕಾ ಆಂಟಿ?'

ನಕ್ಕುಬಿಟ್ಟೆ, ಏನು ಮಾಡಲಿ. ಆಮೇಲೆ ಹೇಳಿದೆ. ಅದು ನಕ್ಷತ್ರ ಕಣೋ. 1967ರಲ್ಲಿ ಜಾಸಲಿನ್ ಬೆಲ್ ಅನ್ನುವ ಹುಡುಗಿ, ಆಗ ಇನ್ನೂ ಪಿಎಚ್‌ಡಿ ಮಾಡುತ್ತಿದ್ದಳು, ಮೊಟ್ಟಮೊದಲು ಕಂಡುಹಿಡಿದ ಪಲ್ಸರ್. ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿಗೊಮ್ಮೆ ಮಿಡಿಯುತ್ತೆ, ಗಡಿಯಾರದ ಹಾಗೆ. ಆ ಮಿಡಿತಗಳನ್ನೇ ಒಂದರ ಕೆಳಗೆ ಒಂದು ಜೋಡಿಸಿ ಬರೆದ ಚಿತ್ರ ಅದು. 1979ರಲ್ಲಿ ಪೀಟರ್ ಸಾವಿಲ್ ಅದನ್ನು ಜಾಯ್ ಡಿವಿಷನ್ ಬ್ಯಾಂಡಿನ 'ಅನ್‌ನೋನ್ ಪ್ಲೆಷರ್ಸ್' ಆಲ್ಬಂಗೆ ಮುಖಪುಟ ಮಾಡಿದ. ಹಾಡಿದ ಇಯಾನ್ ಕರ್ಟಿಸ್ ಮುಂದಿನ ವರ್ಷವೇ ತೀರಿಕೊಂಡ. ಇಪ್ಪತ್ತಮೂರು ವಯಸ್ಸು.

ಹುಡುಗ ತನ್ನ ಎದೆಯನ್ನೇ ಬಗ್ಗಿ ನೋಡಿಕೊಂಡ. 'ಓ,' ಅಂದ. 'ಕಮರ್ಷಿಯಲ್ ಸ್ಟ್ರೀಟಲ್ಲಿ ತಗೊಂಡಿದ್ದು ಆಂಟಿ. ಎರಡಕ್ಕೆ ಐನೂರು.'

ಮುಖಪುಟ ಅಂದಮೇಲೆ ನೆನಪಾಯಿತು. ಆಲ್ಬಂ ಅನ್ನುವ ಹೆಸರು ಯಾಕೆ ಬಂತು ಗೊತ್ತಾ? ಹಳೇ 78ರ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಮೂರು ನಾಲ್ಕು ನಿಮಿಷ ಮಾತ್ರ ಹಿಡಿಸುತ್ತಿತ್ತು. ಅದಕ್ಕೇ ನಾಲ್ಕಾರು ಪ್ಲೇಟುಗಳನ್ನು ಫೋಟೋ ಆಲ್ಬಂ ಥರದ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. 1948ರಲ್ಲಿ ಎಲ್‌ಪಿ ಅನ್ನುವ ಲಾಂಗ್ ಪ್ಲೇ ಪ್ಲೇಟು ಬಂತು, ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಪುಸ್ತಕ ಹೋಯಿತು, ಹೆಸರು ಉಳಿಯಿತು. ಈಗ ನಿಮ್ಮನೆ ಮದುವೆ ಆಲ್ಬಂ ತೆಗೆಯಿರಿ. ಅದನ್ನು ಶಫಲ್ ಮಾಡಿ ತೋರಿಸುತ್ತೀರಾ? ಮೊದಲು ರಿಸೆಪ್ಷನ್ ಊಟ, ಆಮೇಲೆ ಕಾಶೀಯಾತ್ರೆ, ಆಮೇಲೆ ಚಪ್ಪರ ಕಟ್ಟಿದ್ದು, ಕೊನೆಗೆ ಧಾರೆ? ಯಾವ ಅತ್ತೆ ಒಪ್ಪುತ್ತಾರೆ?

ಆ್ಯಪ್ ಮಾಡುವುದು ಅದನ್ನೇ. ಅಷ್ಟೇ ಅಲ್ಲ, ನಿಮ್ಮ ಧಾರೆಯ ಫೋಟೋ ಪಕ್ಕ ಬೇರೆ ಯಾರದೋ ನಾಮಕರಣದ ಫೋಟೋ ತಂದು ಇಡುತ್ತೆ. 'ಇದೂ ನಿಮಗೆ ಇಷ್ಟ ಆಗಬಹುದು' ಅಂತ ಬೇರೆ!

ನಾನೊಬ್ಬಳೇ ಹೀಗೆ ಒದರುತ್ತಿದ್ದೇನೆ ಅಂದುಕೊಳ್ಳಬೇಡಿ. 2021ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಹಾಡುಗಾರ್ತಿ ಅಡೆಲ್ ಇದೇ ವಿಷಯಕ್ಕೆ ಹಟ ಹಿಡಿದಳು. ನಾವು ತಲೆ ಕೆಡಿಸಿಕೊಂಡು ಹಾಡುಗಳ ಕ್ರಮ ಇಡುತ್ತೇವೆ, ಅದೇ ಕ್ರಮದಲ್ಲಿ ಕೇಳಿ ಅಂತ. ಸ್ಪಾಟಿಫೈನವರು ಆಲ್ಬಂ ಪುಟದಲ್ಲಿ ಶಫಲ್ ಗುಂಡಿಯನ್ನು ಹಿಂದಕ್ಕೆ ಸರಿಸಿದರು. ಅಡೆಲ್ ಮಾತು ನಡೆಯುತ್ತೆ. ನನ್ನ ಮಾತಿಗೆ ಮನೆಯಲ್ಲಿ ಕುಕ್ಕರ್ ಕೂಡ ಆಫ್ ಆಗಲ್ಲ.

ಎಲ್ಲ ಆಲ್ಬಂಗೂ ಒಂದೇ ಮರ್ಯಾದೆ ಕೊಡಿ ಅಂತ ನಾನು ಹೇಳುತ್ತಿಲ್ಲ. ದಿ ಸ್ಟ್ರೋಕ್ಸ್‌ನ 'ಇಸ್ ದಿಸ್ ಇಟ್' ಇದೆಯಲ್ಲ, 2001ರದು. ಹನ್ನೊಂದು ಹಾಡು, ಮೂವತ್ತೇಳು ನಿಮಿಷ ಕೂಡ ಇಲ್ಲ. ಅದನ್ನು ಹೇಗೆ ಕಲಸಿದರೂ ಅದೇ ರುಚಿ. ಬಿಸಿಬೇಳೆಬಾತ್ ಅದು. ಬನಶಂಕರಿಯಲ್ಲಿ ಬಸ್ ಹತ್ತಿ ಶುರು ಮಾಡಿದರೆ ಇಳಿಯುವಷ್ಟರಲ್ಲಿ ಮುಗಿಯುತ್ತಿತ್ತು. ಆಗಿನ ಟ್ರಾಫಿಕ್‌ನಲ್ಲಿ. ಈಗ ಅಷ್ಟೇ ದೂರಕ್ಕೆ ಎರಡು ಸಲ ಕೇಳಬಹುದು, ಮಧ್ಯೆ ಒಂದು ನಿದ್ದೆ ಮಾಡಬಹುದು.

ಮೈ ಬ್ಲಡಿ ವ್ಯಾಲೆಂಟೈನ್‌ನ 'ಲವ್‌ಲೆಸ್', 1991. ಸುಮಾರು ಎರಡು ವರ್ಷ, ಹತ್ತೊಂಬತ್ತು ಸ್ಟುಡಿಯೋ ಅಲೆದು ಮಾಡಿದ್ದು. ಮುಂದಿನ ಆಲ್ಬಂ ಬಂದಿದ್ದು 2013ರಲ್ಲಿ. ನಮ್ಮೂರ ಫ್ಲೈಓವರ್‌ಗಳೂ ನಾಚಿಕೊಳ್ಳಬೇಕು. ಇದನ್ನು ದೇವರು ಅನ್ನುವವರಿದ್ದಾರೆ. ನನಗೆ ಅದು ಮಿಕ್ಸಿ ಓಡುವಾಗ ಪಕ್ಕದ ಮನೆಯವರು ಲಾಲಿ ಹಾಡಿದಂತೆ ಕೇಳುತ್ತೆ. ಬೈಗುಳ ಅಲ್ಲ ಇದು. ಆ ಗದ್ದಲದ ಒಳಗೆ ಎಲ್ಲೋ ಒಂದು ರಾಗ ಇದೆ, ಅದನ್ನು ಹುಡುಕುವುದೇ ಸುಖ. ಆದರೆ ಹುಡುಕುವುದಕ್ಕೆ ಪೂರ್ತಿ ನಲವತ್ತೆಂಟು ನಿಮಿಷ ಬೇಕು. ನಾನು ಮೂವತ್ತನೇ ನಿಮಿಷಕ್ಕೆ ನಿದ್ದೆ ಹೋಗುತ್ತೇನೆ. ಪ್ರತಿ ಸಲ.

ಬಾನ್ ಇವೇರ್‌ನ 'ಫಾರ್ ಎಮ್ಮಾ, ಫಾರೆವರ್ ಅಗೋ' ಬಗ್ಗೆ ಜಗಳಕ್ಕೆ ಬರುವವರು ಬನ್ನಿ. ಕಥೆ ಎಲ್ಲರಿಗೂ ಬಾಯಿಪಾಠ. ಬ್ಯಾಂಡ್ ಒಡೆಯಿತು, ಹುಡುಗಿ ಬಿಟ್ಟಳು, ಮೈಗೆ ಹುಷಾರಿಲ್ಲ. ಬಾನ್ ಇವೇರ್ ಅನ್ನುವ ಹೆಸರಲ್ಲಿ ಹಾಡುವ ಜಸ್ಟಿನ್ ವರ್ನನ್ ವಿಸ್ಕಾನ್ಸಿನ್ ಕಾಡಿನಲ್ಲಿ ಅಪ್ಪನ ಬೇಟೆಮನೆಗೆ ಹೋಗಿ ಒಂದು ಚಳಿಗಾಲ ಒಬ್ಬನೇ ಕೂತು ಹಾಡು ಕಟ್ಟಿದ. ಹಾಡು ಚೆನ್ನಾಗಿವೆ, ನಾನು ಇಲ್ಲ ಅನ್ನಲ್ಲ. ಆದರೆ ಆ ಕಥೆಯಿಂದ ಎಷ್ಟು ಹೋಂಸ್ಟೇಗಳು ಹುಟ್ಟಿದವು! ಸಕಲೇಶಪುರಕ್ಕೆ ಗಿಟಾರ್ ಹೊತ್ತುಕೊಂಡು ಹೋಗಿ, ಎರಡು ದಿನ ಮಳೆ ನೋಡಿ, ಅಕ್ಕಿರೊಟ್ಟಿ ತಿಂದು, 'ಇಪಿ (ನಾಲ್ಕೈದು ಹಾಡಿನ ಪುಟ್ಟ ಆಲ್ಬಂ) ಬರೀತಿದೀನಿ' ಅನ್ನುವ ಸಾಫ್ಟ್‌ವೇರ್ ಹುಡುಗರು ನನ್ನ ಆಫೀಸಿನ ಪಕ್ಕದ ಬಿಲ್ಡಿಂಗಿನಲ್ಲೇ ಮೂರು ಜನ ಇದ್ದಾರೆ. ನಮ್ಮಲ್ಲಿ ಒಬ್ಬನೇ ಕೂತು ಅಳುವುದಕ್ಕೂ ಚೆಕ್ ಔಟ್ ಟೈಮ್ ಇರುತ್ತೆ.

ಇನ್ನು ನ್ಯೂಟ್ರಲ್ ಮಿಲ್ಕ್ ಹೋಟೆಲ್ ಅನ್ನುವ ಬ್ಯಾಂಡ್. ಮೊದಲ ಸಲ ಹೆಸರು ಕೇಳಿದಾಗ ಗಾಂಧಿ ಬಜಾರಿನ ಕಡೆ ಹೊಸ ದರ್ಶಿನಿ ಅಂದುಕೊಂಡಿದ್ದೆ. ಅವರ 1998ರ 'ಇನ್ ದಿ ಏರೋಪ್ಲೇನ್ ಓವರ್ ದಿ ಸೀ' ಕೇಳಿದಾಗ ಮೊದಲ ಹತ್ತು ನಿಮಿಷ ಸಿಟ್ಟೇ ಬಂತು. ಜೆಫ್ ಮ್ಯಾಂಗಮ್ ಗಂಟಲು ಹರಿಯುವ ಹಾಗೆ ಕೂಗುತ್ತಾನೆ, ನಮ್ಮ ರಸ್ತೆಯ ಹಳೇ ಪೇಪರ್‌ನವನ ಹಾಗೆ. ಆನ್ ಫ್ರಾಂಕ್‌ಳ ಡೈರಿ ಓದಿ ಅವನಿಗೆ ನಿದ್ದೆ ಹತ್ತದೆ ಹುಟ್ಟಿದ ಹಾಡುಗಳು ಅವು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದು ಅದರ ಸೆರಗು ಹಿಡಿದಿರುತ್ತೆ. ಮಧ್ಯದ ಒಂದು ಹಾಡನ್ನು ಕಿತ್ತು 'ರೇನಿ ಡೇ ಚಿಲ್'ಗೆ ಹಾಕಿದರೆ ಅದರ ತಲೆಯೂ ಇರಲ್ಲ, ಬಾಲವೂ ಇರಲ್ಲ. ಹಾಗೆ ಹಾಕಿದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮವರ ವಿಷಯಕ್ಕೆ ಬರೋಣ, ಇಲ್ಲದಿದ್ದರೆ ಕಾಮೆಂಟಿನಲ್ಲಿ 'ಕನ್ನಡದವರು ಕಾಣಿಸಲ್ವಾ ಮೇಡಂ' ಅಂತ ಬರುತ್ತೆ. ಕಾಣಿಸುತ್ತಾರೆ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನ ಸಿಡಿ ಇನ್ನೂ ನನ್ನ ಹತ್ತಿರ ಇದೆ, ದುಡ್ಡು ಕೊಟ್ಟು ಕೊಂಡಿದ್ದು. ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲ ಒಂದೇ ಪಂಕ್ತಿಯಲ್ಲಿ ಕೂತಿವೆ. ಆಗಿನ ಬೆಂಗಳೂರು ಹಾಗೇ ಮಾತಾಡುತ್ತಿತ್ತು. ಅದರಲ್ಲಿ ಶಿಶುನಾಳ ಶರೀಫರೂ ಇದ್ದಾರೆ. 1889ರಲ್ಲಿ ಹೋದ ಶರೀಫಜ್ಜ 2008ರಲ್ಲಿ ಎಲೆಕ್ಟ್ರಿಕ್ ಗಿಟಾರ್ ಜೊತೆ ಬಂದರು. ಅಶ್ವತ್ಥ್ ಹಾಡಿದ್ದೇ ಹಾಡು ಅನ್ನುತ್ತಿದ್ದ ನಮ್ಮಪ್ಪ ಇದನ್ನು ಕೇಳಿ 'ಏನಿದು ಕುಣಿತ' ಅಂದಿದ್ದರು. ನನಗೆ ಕುಣಿತದ ಬಗ್ಗೆ ತಕರಾರಿಲ್ಲ. ಗುಡುಗುಡಿ ಸೇದುವುದರಲ್ಲೂ ತತ್ವ ತೋರಿಸಿದ ಅಜ್ಜ ಅವರು, ಕುಣಿದರೆ ಬೇಜಾರು ಮಾಡಿಕೊಳ್ಳಲ್ಲ.

ಆದರೆ ಈಗ ಏನಾಗಿದೆ? ನಮ್ಮೂರಲ್ಲಿ ಒಂದು ಗಂಟೆ ಮಳೆ ಬಂದರೆ ಸಾಕು, ಅಂಡರ್‌ಪಾಸಿನಲ್ಲಿ ತೇಲುವ ಕಾರಿನ ವಿಡಿಯೋಗೆ 'ಸೋರುತಿಹುದು ಮನೆಯ ಮಾಳಿಗಿ' ಅಂತ ಹದಿನೈದು ಸೆಕೆಂಡ್ ಹಾಕಿ ಮಾವಿನ ಹಣ್ಣಿನ ಎಮೋಜಿ, ನಗುವ ಎಮೋಜಿ. ಮುಂದಿನ ಪದ 'ಅಜ್ಞಾನದಿಂದ'. ಸರಿಯಾಗಿ ಅಲ್ಲಿಗೆ ಕತ್ತರಿಸಿರುತ್ತಾರೆ! ಇದಕ್ಕಿಂತ ಒಳ್ಳೇ ವ್ಯಂಗ್ಯ ನಾನು ಬರೆಯಲಾರೆ. ಆ ಮಾವಿನ ಹಣ್ಣು ಯಾಕೆ ಅಂತ ಗೊತ್ತಿದ್ದವರು ಹೇಳಿ.

ಸ್ವರಾತ್ಮದವರ 2009ರ ಆಲ್ಬಂ ಕೂಡ ಪೂರ್ತಿ ಕೇಳಬೇಕಾದ್ದು. ಅವರನ್ನು ವೇದಿಕೆ ಮೇಲೆ ನೋಡಿದರೆ ಇನ್ನೂ ಖುಷಿ. ಥರ್ಮಲ್ ಅಂಡ್ ಎ ಕ್ವಾರ್ಟರ್‌ನವರು 1996ರಿಂದ ಇದೇ ಊರಲ್ಲಿದ್ದಾರೆ. ಅವರ ಗಿಟಾರ್ ನನಗೆ ಇಷ್ಟ, ಬುದ್ಧಿವಂತಿಕೆ ಮಾತ್ರ ಕೆಲವೊಮ್ಮೆ ಜಾಸ್ತಿ. ದೆಹಲಿಯ ಪೀಟರ್ ಕ್ಯಾಟ್ ರೆಕಾರ್ಡಿಂಗ್ ಕೋ. ಇದ್ದಾರೆ, 2019ರ 'ಬಿಸ್ಮಿಲ್ಲಾ'. ಮದುವೆ ಬ್ಯಾಂಡಿನವರು ಊಟ ಆದಮೇಲೆ ತಮಗಾಗಿ ನುಡಿಸಿಕೊಂಡಂತಿದೆ. ಅದನ್ನು ರಾತ್ರಿ ಪಾತ್ರೆ ತೊಳೆದಾದಮೇಲೆ ಕೇಳಿ.

ಮನೆಗೆ ಬಂದು ಇದನ್ನೆಲ್ಲ ನಮ್ಮನೆಯವರ ಮುಂದೆ ಹೇಳಿಕೊಂಡೆ. ಅವರದು ಡಾ. ರಾಜ್ ಬಿಟ್ಟರೆ ಬೇರೆ ಪ್ರಪಂಚವೇ ಇಲ್ಲ. ಪೇಪರ್‌ನಿಂದ ತಲೆ ಎತ್ತದೆ ಅಂದರು, 'ಅಲ್ಲ ಕಣೇ, ಕೋಟೆ ಹೈಸ್ಕೂಲಲ್ಲಿ ರಾಮನವಮಿ ಕಚೇರಿ ನಡೀವಾಗ ಮೃದಂಗದ ತನಿ ಆವರ್ತನ ಶುರುವಾದ ತಕ್ಷಣ ಬೋಂಡಾಕ್ಕೆ ಎದ್ದು ಹೋಗ್ತಿದ್ದವರು ಯಾರು? ನಿಮ್ಮಪ್ಪ ತಾನೇ?'

ಹೌದು. ನಮ್ಮಪ್ಪನೇ. ಆದರೆ ಅಪ್ಪ ಎದ್ದು ಹೋದರು, ಮೃದಂಗದವರ ಕೈ ಹಿಡಿದು ನಿಲ್ಲಿಸಿ ಹೋಗಲಿಲ್ಲ. ಬಾಯಿ ಒರೆಸಿಕೊಂಡು ವಾಪಸ್ ಬಂದಾಗ ಕಚೇರಿ ಅದರ ಪಾಡಿಗೆ ಮುಂದೆ ಹೋಗಿರುತ್ತಿತ್ತು. ತಪ್ಪಿಸಿಕೊಂಡಿದ್ದು ಅಪ್ಪ, ಸಂಗೀತ ಅಲ್ಲ. ಇಲ್ಲಿ ಬೋಂಡಾ ತಿನ್ನುವವನೇ ಮೃದಂಗ ನಿಲ್ಲಿಸುತ್ತಿದ್ದಾನೆ. ಎರಡೂ ಒಂದೇನಾ? ವಾದ ಗೆದ್ದೆ ಅಂತ ನನಗನ್ನಿಸಿತು. ಅವರು ಆಗಲೇ ಕ್ರೀಡಾ ಪುಟಕ್ಕೆ ಹೋಗಿದ್ದರು.

ಗೆಳತಿಯೊಬ್ಬಳು ಫೋನಲ್ಲಿ ಬೇರೆ ಥರ ಅಂದಳು. 'ಹೇಗೋ ಹಾಡು ಜನಕ್ಕೆ ತಲುಪಿತಲ್ವಾ? ಆ ಲಿಸ್ಟ್ ಇಲ್ಲದಿದ್ದರೆ ಜಯನಗರದಲ್ಲಿ ಆ ಹಾಡು ಯಾರು ಹಾಕ್ತಿದ್ರು?' ತಲುಪಿತಾ? ಅಲ್ಲಿ ಇಪ್ಪತ್ತು ಜನ ಇದ್ದರು. ಹಾಡು ನಿಂತಾಗ ಒಬ್ಬರೂ ತಲೆ ಎತ್ತಲಿಲ್ಲ. ಮೂವತ್ತು ಸೆಕೆಂಡ್ ಓಡಿದರೆ ಆ್ಯಪ್ ಲೆಕ್ಕದಲ್ಲಿ ಒಂದು ಸಲ ಕೇಳಿದ ಹಾಗೆ. ಆ ಲೆಕ್ಕದಲ್ಲಿ ಇವತ್ತು ಬೆಳಗ್ಗೆ ಜಯನಗರ 'ಕೇಳಿದೆ'. ಕೇಳಿದ್ದು ಯಾರು?

ಕೋಪದಲ್ಲೇ ರೂಮಿನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಸಿಕ್ಕಿಸಿಕೊಂಡು, ರೇಡಿಯೋಹೆಡ್ ಬ್ಯಾಂಡಿನ 'ಕಿಡ್ ಎ' ಹಾಕಿದೆ. 2000ನೇ ಇಸವಿಯದು. ನಾನು ಯಾವ ಆಲ್ಬಂ ಹಿಡಿದು ಕ್ರಮ, ಕ್ರಮ ಅಂತ ಬಡಿದಾಡುತ್ತೇನೋ ಅದೇ. ಪೂರ್ತಿ ಕೇಳಿ, ಇಲ್ಲಿ ಬಂದು ಇನ್ನೂ ನಾಲ್ಕು ಬೈಯೋಣ ಅಂತ.

ಈಗ ಒಂದು ವಿಷಯ ಹೇಳಿಬಿಡಬೇಕು. ಹೇಳಿದರೆ ಮೇಲೆ ಬರೆದಿದ್ದಕ್ಕೆಲ್ಲ ಬೆಲೆ ಇರಲ್ಲ, ಗೊತ್ತು.

ಆ ಆಲ್ಬಂ ನನ್ನ ಕೈಗೆ ಬಂದಿದ್ದು 2003ರಲ್ಲಿ. ಅಣ್ಣ ಮೆಜೆಸ್ಟಿಕ್ ಫುಟ್‌ಪಾತಿನಿಂದ ತಂದ ಎಂಪಿ3 ಸಿಡಿ. ನಲವತ್ತು ರೂಪಾಯಿಗೆ ಹನ್ನೆರಡು ಆಲ್ಬಂ. ಹೌದು, ಕಳ್ಳಮಾಲು. ಇದೇ ರೇಡಿಯೋಹೆಡ್‌ನವರು 2007ರಲ್ಲಿ 'ಇನ್ ರೇನ್‌ಬೋಸ್' ಬಿಟ್ಟು, ನಿಮಗೆ ತೋಚಿದಷ್ಟು ಕೊಡಿ ಅಂದಾಗಲೂ ನಾನು ಸೊನ್ನೆ ಹಾಕಿ ಇಳಿಸಿಕೊಂಡವಳು. ಆಗ ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇರಲಿಲ್ಲ ಅನ್ನುವುದು ನೆಪ ಅಷ್ಟೇ.

ಆ ಸಿಡಿಯಲ್ಲಿ ಹಾಡುಗಳಿಗೆ ನಂಬರ್ ಇರಲಿಲ್ಲ, ಬರೀ ಹೆಸರು. ಕಂಪ್ಯೂಟರಿನ ವಿನ್‌ಆ್ಯಂಪ್ ಪ್ಲೇಯರಿನಲ್ಲಿ ಹಾಕಿದರೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಸಾಲಾಗಿ ಕೂರುತ್ತಿದ್ದವು. ಅದೇ ಸರಿಯಾದ ಕ್ರಮ ಅಂದುಕೊಂಡು ಆರು ವರ್ಷ ಕೇಳಿದೆ. ಆರು ವರ್ಷ! ತಮಾಷೆ ಏನು ಗೊತ್ತಾ? ನಿಜವಾದ ಆಲ್ಬಂನ ಮೊದಲ ಹಾಡು 'ಎವೆರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್'. ಎಲ್ಲ ಅದರದರ ಜಾಗದಲ್ಲಿ ಅಂತ. ಅಕ್ಷರಮಾಲೆಯಲ್ಲೂ ಅದೇ ಮೊದಲು. ಆದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಆ ಒಂದು ಹಾಡು ಬಿಟ್ಟು ಮಿಕ್ಕಿದ್ದೆಲ್ಲ ಅದಲು ಬದಲು.

ನಿಜವಾದ ಆಲ್ಬಂ ಮುಗಿಯುವುದು 'ಮೋಷನ್ ಪಿಕ್ಚರ್ ಸೌಂಡ್‌ಟ್ರ್ಯಾಕ್' ಅನ್ನುವ ಹಾಡಿನಲ್ಲಿ. ಹಾರ್ಮೋನಿಯಂ ಥರದ ವಾದ್ಯ, ಹಾರ್ಪ್, ವಿದಾಯ, ಎಲ್ಲ ಇದೆ. ಎಲ್ಲರೂ ಅದಕ್ಕೆ ಅಳುತ್ತಾರೆ. ನನ್ನ ಆಲ್ಬಂ ಮುಗಿಯುತ್ತಿದ್ದುದು 'ಟ್ರೀಫಿಂಗರ್ಸ್'ನಲ್ಲಿ. ಮಾತಿಲ್ಲ, ತಾಳ ಇಲ್ಲ. ಮೂರು ಮುಕ್ಕಾಲು ನಿಮಿಷ ಬರೀ ಮಂಜು. ಅದು ನಿಂತಮೇಲೆ ಹನುಮಂತನಗರದ ನಮ್ಮ ಮನೆ ಮುಂದಿನ ಬೀದಿದೀಪದ ಗುಂಯ್ ಅನ್ನುವ ಸದ್ದು ಕೇಳಿಸುತ್ತಿತ್ತು. ಅದೂ ಆಲ್ಬಂನದೇ ಭಾಗ ಅಂದುಕೊಂಡಿದ್ದೆ.

ಇವತ್ತು ಪೂರ್ತಿ ಕೇಳಿದೆ, ಸರಿಯಾದ ಕ್ರಮದಲ್ಲಿ, ಬ್ಯಾಂಡಿನವರು ಇಟ್ಟ ಹಾಗೆ. 'ಟ್ರೀಫಿಂಗರ್ಸ್' ಐದನೆಯದಾಗಿ ಮಧ್ಯದಲ್ಲಿ ಬಂದು ಹೋಯಿತು. ಕೊನೆಯ ಹಾಡು ಮುಗಿಯಿತು. ಚೆನ್ನಾಗಿಯೇ ಇತ್ತು. ಆದರೆ ಮುಗಿದ ಹಾಗೆ ಅನ್ನಿಸಲಿಲ್ಲ. ಸುಮ್ನೆ ಕೂತೆ. ಆಮೇಲೆ ಬಾಗಿಲು ಹಾಕಿದೆಯಾ ಅಂತ ಒಮ್ಮೆ ನೋಡಿಕೊಂಡು 'ಟ್ರೀಫಿಂಗರ್ಸ್' ಒಂದನ್ನೇ ಮತ್ತೆ ಹಾಕಿದೆ. ಅದು ನಿಂತ ತಕ್ಷಣ ಆ್ಯಪ್ ತಾನಾಗಿಯೇ ಇನ್ಯಾವುದೋ ಹಾಡು ಶುರು ಮಾಡಿತು. ಬೀದಿದೀಪಕ್ಕೆ ಜಾಗವೇ ಬಿಡಲಿಲ್ಲ.

ಆ ಸಿಡಿ ಮನೆ ಬದಲಿಸುವಾಗ ಕಳೆದುಹೋಯಿತು. ಮೇಲೆ ನೀಲಿ ಮಾರ್ಕರ್‌ನಲ್ಲಿ 'ಇಂಗ್ಲಿಷ್ ಮಿಕ್ಸ್ 7' ಅಂತ ಬರೆದಿತ್ತು. ಆ ಕಾಲದಲ್ಲಿ ಮೆಜೆಸ್ಟಿಕ್‌ನಲ್ಲಿ ಅಂಥ ಸಿಡಿ ಕೊಂಡವರು ಈ ಪೋಸ್ಟ್ ಓದುತ್ತಿದ್ದರೆ ಅಟ್ಟದ ಮೇಲಿನ ಡಬ್ಬ ಒಂದು ಸಲ ನೋಡಿ, ಇದ್ದರೆ ಹೇಳಿ. ನಾನೇ ಬಂದು ತಗೊಂಡು ಹೋಗುತ್ತೇನೆ. ಸಿಡಿ ಹಾಕುವ ಜಾಗ ಇರುವ ಹಳೇ ಲ್ಯಾಪ್‌ಟಾಪ್ ಇದ್ದರೂ ಹೇಳಿ.